ಬೆಕ್ಕುಗಳಿಗೆ ಬರುವ ರಕ್ತಗತ ರೋಗಗಳೂ ಅವುಗಳ ಚಿಕಿತ್ಸೆಯೂ

ಪೀಠಿಕೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿಗೆ ಸೇರಿದ ನೇಸರಗಿಯೂ ಅದರ ನೆರೆಯ ಸವದತ್ತಿ, ರಾಮದುರ್ಗ ಸೀಮೆಗಳೂ ಎರೆಭೂಮಿಗೆ ಹೆಸರಾದ ಪ್ರದೇಶಗಳು. ಹಿಂಗಾರಿ ಜೋಳ, ಕಡಲೆ, ಗೋದಿ ಮೊದಲಾದ ಧಾನ್ಯಗಳನ್ನು ಬೆಳೆದು, ಸುಗ್ಗಿಯಾದ ಮೇಲೆ ಕಣಜಗಳಲ್ಲಿಯೂ ಹಗೇವುಗಳಲ್ಲಿಯೂ ತುಂಬಿಡುವುದು ಇಲ್ಲಿಯ ಒಕ್ಕಲಿಗರ ಹಳೆಯ ಪದ್ಧತಿ. ಧಾನ್ಯವಿದ್ದಲ್ಲಿ ಇಲಿಯುಂಟು. ಒಂದು ಮನೆಯಿಲಿಯು ದಿನಕ್ಕೆ ಸುಮಾರು 25 ಗ್ರಾಂ ಕಾಳನ್ನು ತಿನ್ನುತ್ತದೆಂದು ಹಿಡಿದರೂ ವರ್ಷಕ್ಕೆ 9 ಕಿಲೋಗ್ರಾಂ ಆಗುವುದು. ತಿನ್ನುವುದಕ್ಕಿಂತ ಮಲಮೂತ್ರಗಳಿಂದ ಕೆಡಿಸುವುದು ಇನ್ನೂ ಹೆಚ್ಚು. ಆದುದರಿಂದ ಒಕ್ಕಲಿಗನ ಮನೆಯಲ್ಲಿ ಬೆಕ್ಕು ಕೇವಲ ಮಕ್ಕಳ ಆಟದ ಪ್ರಾಣಿಯಲ್ಲ. ದೊಡ್ಡ ಹೆಗ್ಗಣಗಳನ್ನು ಅದು ಹಿಡಿಯದೆ ಹೋಗಬಹುದು. ಆದರೆ ಸಣ್ಣ ಇಲಿಗಳನ್ನೂ ಇಲಿಮರಿಗಳನ್ನೂ ಹಿಡಿದು, ಅಟ್ಟದಲ್ಲಿಯೂ ಕಣಜದ ಬುಡದಲ್ಲಿಯೂ ಅವು ನೆಲೆಯೂರದಂತೆ ಮಾಡುವುದು.

ಇಲಿಗಳ ವಿಷಯದಲ್ಲಿ ಈ ನಾಡು ಕಂಡಿರುವ ಕಷ್ಟವನ್ನು ಇಲ್ಲಿ ನೆನೆಯಬಹುದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಅಲ್ಪಕಾಲದಲ್ಲಿಯೇ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ, 1898ರಲ್ಲಿ ಬೆಂಗಳೂರಿಗೂ ಹಬ್ಬಿತು. ಜನರು ಊರುಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸಬೇಕಾಯಿತು. ಇಲಿಗಳಿಂದಲೂ ಅವುಗಳ ಮೈಮೇಲಿನ ಚಿಗಟಗಳಿಂದಲೂ ಆ ರೋಗವು ಹರಡುವುದೆಂದು ತಿಳಿದುಬಂದ ಬಳಿಕ, ಮನೆಮನೆಗೂ ಬೆಕ್ಕನ್ನು ಸಾಕಬೇಕೆಂದು ಹೇಳಿದ ವೈದ್ಯರೂ ಆ ಕಾಲದಲ್ಲಿದ್ದರು. ಆದರೆ ಬೆಕ್ಕೂ ಪ್ಲೇಗಿಗೆ ಸುಲಭವಾಗಿ ತುತ್ತಾಗುವ ಪ್ರಾಣಿಯೆಂಬುದು ಅನಂತರ ಚೆನ್ನಾಗಿ ದೃಢಪಟ್ಟಿದೆ.

ಎತ್ತಿಗೆ ಬೇನೆ ಬಂದರೆ ಅದೇ ದಿನ ದನದ ದವಾಖಾನೆಗೆ ಹೊಡೆದುಕೊಂಡು ಹೋಗುವ ರೈತನು, ಬೆಕ್ಕು ಮೂಲೆ ಹಿಡಿದು ಮಲಗಿದರೆ ಅದರ ಕಡೆಗೆ ನೋಡುವುದೇ ವಿರಳ. ಬೆಕ್ಕಿನ ಕೆಲವು ರೋಗಗಳು ರಕ್ತದಲ್ಲಿ ಸೇರುವ ಸೂಕ್ಷ್ಮಜೀವಿಗಳಿಂದ ಉಂಟಾಗುತ್ತವೆ. ಇವುಗಳನ್ನು ಕಾಲದಲ್ಲಿ ಗುರುತಿಸಿದರೆ ಅನೇಕ ಬೆಕ್ಕುಗಳು ಬದುಕುತ್ತವೆ. ತಡಮಾಡಿದರೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಅವುಗಳ ಲಕ್ಷಣ, ಪರೀಕ್ಷೆ, ಚಿಕಿತ್ಸೆ ಮತ್ತು ನಿವಾರಣೆಯ ಕ್ರಮಗಳನ್ನು ಈ ಪತ್ರಿಕೆಯಲ್ಲಿ ವಿವರಿಸಿದೆ.

1. ರೋಗಗಳ ಸ್ವರೂಪ

ಬೆಕ್ಕಿನ ರಕ್ತವನ್ನು ಸೇರುವ ಸೂಕ್ಷ್ಮಜೀವಿಗಳಲ್ಲಿ ಒಕ್ಕಲಿಗರು ಮುಖ್ಯವಾಗಿ ಮೂರು ಬಗೆಗಳನ್ನು ತಿಳಿದಿರಬೇಕು.

ಮೊದಲನೆಯದು ಕೆಂಪು ರಕ್ತಕಣಗಳಿಗೆ ಅಂಟಿಕೊಂಡು ಬದುಕುವ ಮೈಕೊಪ್ಲಾಸ್ಮ. ಇದನ್ನು ಬೆಕ್ಕಿನಲ್ಲಿ ಮೊದಲು 1942ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಕಂಡು ವರ್ಣಿಸಿದರು. ಬಹುಕಾಲ ಇದನ್ನು ಹೀಮೊಬಾರ್ಟೊನೆಲ್ಲ ಎಂಬ ಹೆಸರಿನಿಂದ ಕರೆಯುತ್ತಿದ್ದರು. ಅದರ ವಂಶವಾಹಿಯನ್ನು ಪರೀಕ್ಷಿಸಿದ ಮೇಲೆ ಮೈಕೊಪ್ಲಾಸ್ಮಗಳ ಗುಂಪಿಗೆ ಸೇರಿಸಿದರು. ಇದರಲ್ಲಿಯೂ ಪ್ರಭೇದಗಳುಂಟು. ಅವುಗಳಲ್ಲಿ ಮೈಕೊಪ್ಲಾಸ್ಮ ಹೀಮೊಫೆಲಿಸ್ ಎಂಬುದು ಅತ್ಯಂತ ಉಗ್ರವಾದದ್ದು. ಉಳಿದವು ಸಾಮಾನ್ಯವಾಗಿ ಸೌಮ್ಯವಾದವು. ಈ ಜೀವಿಯು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದು. ಇದು ಕಣದ ಹೊರಮೈಗೆ ಅಂಟಿಕೊಂಡು ಅದನ್ನು ಕೆಡಿಸುವುದು. ಕೆಟ್ಟ ಕಣಗಳನ್ನು ಬೆಕ್ಕಿನ ಶರೀರವೇ ಪರಕೀಯವೆಂದೆಣಿಸಿ, ಗುಲ್ಮ ಮೊದಲಾದ ಅಂಗಗಳಲ್ಲಿ ನಾಶಮಾಡುತ್ತದೆ. ಹೀಗೆ ಶತ್ರುವಿನಿಂದಲೂ ತನ್ನ ಕಾವಲುಗಾರರಿಂದಲೂ ಏಕಕಾಲದಲ್ಲಿ ರಕ್ತವು ನಷ್ಟವಾಗಿ ಬೆಕ್ಕು ಬಿಳಿಚಿಕೊಳ್ಳುತ್ತದೆ.

ಎರಡನೆಯದು ಗಾಯದ ಕೀವಿನಿಂದ ಹುಟ್ಟುವ ರಕ್ತದ ನಂಜು. ಗಂಡುಬೆಕ್ಕುಗಳು ಕಾದಾಡಿ ಕಚ್ಚಿಕೊಂಡಾಗ ಹಲ್ಲಿನ ತೂತು ಸಣ್ಣದಾಗಿದ್ದು ಬೇಗ ಮುಚ್ಚಿಕೊಳ್ಳುತ್ತದೆ. ಒಳಗೆ ಸೇರಿದ ರೋಗಾಣುಗಳು ಬೆಳೆದು ಕುರುವಾಗುತ್ತದೆ. ಬೆಕ್ಕಿನ ಬಾಯಲ್ಲಿ ಸಹಜವಾಗಿಯೇ ಇರುವ ಪಾಶ್ಚುರೆಲ್ಲ ಮಲ್ಟೊಸಿಡ ಎಂಬ ಜೀವಿಯು ಇವುಗಳಲ್ಲಿ ಪ್ರಮುಖವಾದದ್ದು. ಎಮ್ಮೆದನಗಳಿಗೆ ಮಳೆಗಾಲದಲ್ಲಿ ಬರುವ ಗಳಲೆ ರೋಗಕ್ಕೆ ಕಾರಣವಾದ ರೋಗಾಣುವೂ ಇದೇ ಜಾತಿಗೆ ಸೇರಿದ್ದು, ಆದರೆ ಅದರ ಬಗೆಯು ಬೇರೆ. ಕುರುವಿನಿಂದ ವಿಷವು ರಕ್ತಕ್ಕೇರಿದರೆ ಬೆಕ್ಕು ಒಂದೆರಡು ದಿನಗಳಲ್ಲಿಯೇ ಸಾಯಬಹುದು.

ಮೂರನೆಯದು ಬಾರ್ಟೊನೆಲ್ಲ ಹೆನ್ಸೆಲೇ. ಇದು ಚಿಗಟಗಳ ಮೂಲಕ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ. ಬೆಕ್ಕಿನಲ್ಲಿ ಬಹುಮಟ್ಟಿಗೆ ಯಾವ ಬೇನೆಯನ್ನೂ ತೋರಿಸುವುದಿಲ್ಲ. ತಿಂಗಳುಗಟ್ಟಲೆ ರಕ್ತದಲ್ಲಿ ಅಡಗಿರುತ್ತದೆ. ಇದರ ಮಹತ್ವವು ಮನುಷ್ಯರ ಆರೋಗ್ಯಕ್ಕೆ ಸಂಬಂಧಿಸಿದ್ದು. ಅದನ್ನು ಕೊನೆಯಲ್ಲಿ ಹೇಳಿದೆ.

2. ರೋಗ ತಗಲುವ ರೀತಿ

ರಕ್ತಕಣದ ಮೈಕೊಪ್ಲಾಸ್ಮವು ಕಾದಾಟದ ಗಾಯಗಳಿಂದ, ಪರೀಕ್ಷಿಸದೆ ಕೊಟ್ಟ ರಕ್ತದಿಂದ ತಗಲಬಹುದು. ಚಿಗಟಗಳೂ ಇದನ್ನು ಹರಡುತ್ತವೆಂದು ಬಲವಾದ ಸಂಶಯವುಂಟು. ರಾತ್ರಿ ಊರೆಲ್ಲ ಅಲೆದು ಕಾದಾಡುವ ಗಂಡುಬೆಕ್ಕುಗಳಲ್ಲಿ ಈ ರೋಗವು ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ. ರೋಗಾಣು ಸೇರಿದ ಮೇಲೆ ಕೆಲವು ದಿನಗಳಿಂದ ಐದು ವಾರಗಳೊಳಗೆ ಲಕ್ಷಣಗಳು ತೋರುತ್ತವೆ. ಬೆಕ್ಕಿನ ಲ್ಯೂಕೀಮಿಯ ವೈರಸ್ ಮೊದಲೇ ಶರೀರದಲ್ಲಿದ್ದರೆ ರೋಗವು ಇನ್ನಷ್ಟು ಉಲ್ಬಣಿಸುವುದು.

ಗುಣವಾದಂತೆ ಕಂಡ ಬೆಕ್ಕು ಸಹ ಬಹುಕಾಲ ರೋಗಾಣುವನ್ನು ಹೊತ್ತಿರಬಹುದು. ಮರಿ ಹಾಕಿ ಸೊರಗಿದಾಗ, ಬೇರೆ ಬೇನೆ ಬಂದಾಗ ಅಥವಾ ಹೊಟ್ಟೆಗಿಲ್ಲದೆ ನವೆದಾಗ ಅದು ಪುನಃ ತಲೆಯೆತ್ತುವುದುಂಟು.

3. ಲಕ್ಷಣಗಳು

ರಕ್ತಕಣದ ಮೈಕೊಪ್ಲಾಸ್ಮ ತಗಲಿದ ಬೆಕ್ಕು ಮೊದಲು ಬೇಟೆಯನ್ನು ಬಿಡುತ್ತದೆ. ಅಟ್ಟಕ್ಕೆ ಹಾರುವುದನ್ನು ನಿಲ್ಲಿಸಿ, ಒಲೆಯ ಬಳಿ ಅಥವಾ ಕತ್ತಲೆಯ ಮೂಲೆಯಲ್ಲಿ ಮುದುಡಿ ಮಲಗುತ್ತದೆ. ಹಾಲನ್ನು ಮೂಸಿ ಬಿಡುತ್ತದೆ. ಕೂದಲನ್ನು ನೆಕ್ಕಿ ಶುಚಿಮಾಡಿಕೊಳ್ಳದೆ ಇರುವುದರಿಂದ ಮೈ ಕೆದರಿ ಕಾಣುತ್ತದೆ. ಕೆಲವು ಬೆಕ್ಕುಗಳು ಮಣ್ಣನ್ನೂ ಗೋಡೆಯ ಸುಣ್ಣವನ್ನೂ ನೆಕ್ಕುತ್ತವೆ. ಮೈಶಾಖವು ಏರುತ್ತ ಇಳಿಯುತ್ತ ಇರುವುದು. ಗುಲ್ಮವು ದೊಡ್ಡದಾಗುವುದು. ಕೆಲವು ವೇಳೆ ಕಣ್ಣಿನ ಬಿಳಿಭಾಗವೂ ಕಿವಿಯ ಒಳಭಾಗವೂ ಕಾಮಾಲೆಯಿಂದ ಹಳದಿಯಾಗುವುವು.

ಎಲ್ಲಕ್ಕಿಂತ ಮುಖ್ಯವಾದ ಚಿಹ್ನೆಯು ವಸಡು. ಆರೋಗ್ಯವಂತ ಬೆಕ್ಕಿನ ತುಟಿಯನ್ನು ಮೆಲ್ಲನೆ ಮೇಲೆತ್ತಿ ನೋಡಿದರೆ ವಸಡು ತೆಳುಗೆಂಪಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡುಗಳೊಳಗೆ ಕೆಂಪು ಮರಳುತ್ತದೆ. ರೋಗಿಷ್ಠ ಬೆಕ್ಕಿನಲ್ಲಿ ವಸಡು, ನಾಲಿಗೆ, ಪಾದದ ಮೆತ್ತೆಗಳು ಸುಣ್ಣದಂತೆ ಬಿಳುಪಾಗಿರುತ್ತವೆ. ಮೂಗೂ ಪಾದವೂ ಹುಟ್ಟಿನಿಂದಲೇ ಕಪ್ಪಾಗಿರುವ ಬೆಕ್ಕುಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡತಕ್ಕದ್ದು. ವಾರಕ್ಕೊಮ್ಮೆ ಬೆಕ್ಕಿನ ವಸಡನ್ನು ನೋಡುವ ಅಭ್ಯಾಸವಿದ್ದರೆ ಬದಲಾವಣೆಯು ಕೂಡಲೇ ತಿಳಿಯುವುದು.

ರಕ್ತದ ನಂಜಿನ ಲಕ್ಷಣಗಳು ಬೇರೆ. ತಲೆ, ಕೆನ್ನೆ, ಮುಂಗಾಲು ಅಥವಾ ಬಾಲದ ಬುಡದಲ್ಲಿ ಬಿಸಿಯಾದ ನೋವಿನ ಗಂಟು ಇರುವುದು. ಮೊದಲು ಜ್ವರ ಬರುವುದು. ಬೆಕ್ಕಿನ ಸಹಜ ಶಾಖವು ಸುಮಾರು 100.5ರಿಂದ 102.5 ಡಿಗ್ರಿ ಫಾರನ್‌ಹೀಟ್. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ರಕ್ತವು ನಂಜಾದ ಬೆಕ್ಕಿನ ಶಾಖವು 100 ಡಿಗ್ರಿಗಿಂತ ಕೆಳಗಿಳಿಯಬಹುದು. ನಾಡಿಯು ವೇಗವಾಗುವುದರ ಬದಲು ನಿಧಾನವಾಗಬಹುದು. ಮೈ ತಣ್ಣಗಾಗಿರುವುದನ್ನು ಕಂಡು ಜ್ವರ ಬಿಟ್ಟಿತೆಂದು ಸಮಾಧಾನಪಡುವುದು ದೊಡ್ಡ ತಪ್ಪು. ಅದು ಪ್ರಾಣಾಪಾಯದ ಸೂಚನೆ.

ಬಾಯಿ ತೆರೆದು ಏದುವುದು, ನಿಲ್ಲಲಾರದೆ ಒಂದು ಮಗ್ಗುಲಿಗೆ ಬೀಳುವುದು, ಕಿವಿ ಮತ್ತು ಪಾದಗಳು ತಣ್ಣಗಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನಕ್ಕೆ ಕಾಯದೆ ಅದೇ ಗಳಿಗೆಯಲ್ಲಿ ವೈದ್ಯನಲ್ಲಿಗೆ ಒಯ್ಯತಕ್ಕದ್ದು.

4. ಇದೇ ರೀತಿ ತೋರುವ ಬೇರೆ ತೊಂದರೆಗಳು

ವಸಡು ಬಿಳಿಚಿದ ಮಾತ್ರಕ್ಕೆ ರಕ್ತದಲ್ಲಿ ರೋಗಾಣು ಇದೆಯೆಂದು ನಿರ್ಧರಿಸಲಾಗದು. ಒಕ್ಕಲಿಗರ ಮನೆಗಳಲ್ಲಿ ಬೇರೆ ಮೂರು ಕಾರಣಗಳು ಸಾಮಾನ್ಯವಾಗಿವೆ.

(ಅ) ಇಲಿಪಾಷಾಣ. ಬ್ರೊಮಾಡಿಯೊಲೋನ್ ಮೊದಲಾದ ಇಲಿಮದ್ದುಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಅವನ್ನು ತಿಂದ ಇಲಿಯನ್ನು ಬೆಕ್ಕು ತಿಂದರೆ ಕೆಲವು ದಿನಗಳ ಮೇಲೆ ಎದೆಯಲ್ಲಿಯೋ ಹೊಟ್ಟೆಯಲ್ಲಿಯೋ ಒಳಗಿಂದೊಳಗೆ ರಕ್ತ ಸೋರಿ ವಸಡು ಬಿಳಿಚುವುದು. ಮೂಗಿನಲ್ಲಿ ರಕ್ತ, ಚರ್ಮದಡಿಯಲ್ಲಿ ನೀಲಿ ಕಲೆ, ಕಪ್ಪು ಮಲ ಇದ್ದರೆ ಇದನ್ನು ಸಂಶಯಿಸಬೇಕು. ಇದಕ್ಕೆ ಮದ್ದು ಕೆ1 ಜೀವಸತ್ವ. ಅದನ್ನು ವಾರಗಟ್ಟಲೆ ಕೊಡಬೇಕಾಗುವುದು. ಆದುದರಿಂದ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇಲಿಮದ್ದನ್ನು ಇಟ್ಟಿದ್ದರೆ ಆ ವಿಷಯವನ್ನು ಮುಚ್ಚಿಡದೆ ವೈದ್ಯನಿಗೆ ಹೇಳಬೇಕು. ಸಾಧ್ಯವಾದರೆ ಅದರ ಪೊಟ್ಟಣವನ್ನೇ ಒಯ್ಯಬೇಕು.

(ಆ) ಚಿಗಟ ಮತ್ತು ಕೊಕ್ಕೆಹುಳು. ಎಳೆಯ ಮರಿಗಳಲ್ಲಿ ಚಿಗಟಗಳು ಹೆಚ್ಚಾದರೆ ಅವು ಹೀರುವ ರಕ್ತದಿಂದಲೇ ಮರಿಯು ಸಾಯಬಹುದು. ಕರುಳಿನ ಕೊಕ್ಕೆಹುಳುಗಳೂ ಹೀಗೆಯೇ ರಕ್ತವನ್ನು ಹೀರುತ್ತವೆ. ಮಲಪರೀಕ್ಷೆಯಿಂದ ಇದು ತಿಳಿಯುವುದು.

(ಇ) ಆಹಾರ ಮತ್ತು ಔಷಧದ ವಿಷ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆರೆತ ಪದಾರ್ಥಗಳು ಬೆಕ್ಕಿನ ಕೆಂಪು ಕಣಗಳನ್ನು ಒಡೆಯುತ್ತವೆ. ಪ್ಯಾರಾಸಿಟಮಾಲ್ ಮಾತ್ರೆಯು ಇವೆಲ್ಲಕ್ಕಿಂತ ಭಯಂಕರವಾದದ್ದು. ಇದರಿಂದ ವಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರು ಕಟ್ಟುವುದು.

5. ರಕ್ತಪರೀಕ್ಷೆ

ರೋಗನಿರ್ಣಯಕ್ಕೆ ರಕ್ತಪರೀಕ್ಷೆಯೇ ಆಧಾರ. ರೈತನು ಇದನ್ನು ತಾನೇ ಮಾಡಲಾರನಾದರೂ ಅದರ ಕ್ರಮವನ್ನು ತಿಳಿದಿದ್ದರೆ ವೈದ್ಯನಿಗೆ ನೆರವಾಗುವನು.

ವೈದ್ಯನು ಬೆಕ್ಕಿನ ಕಿವಿಯ ಅಂಚಿನಿಂದಲೋ ರಕ್ತನಾಳದಿಂದಲೋ ತೆಗೆದ ಹಸಿ ರಕ್ತದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಜೀಮ್ಸಾ ಎಂಬ ಬಣ್ಣದಿಂದ ಬಣ್ಣಕಟ್ಟಿ, ಸಾವಿರ ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ ನೋಡುವನು. ಕೆಂಪು ಕಣಗಳ ಅಂಚಿನಲ್ಲಿ ನೇರಳೆ ಬಣ್ಣದ ಚುಕ್ಕೆಗಳೋ ಸಣ್ಣ ಸರಪಣಿಗಳೋ ಕಂಡರೆ ಅವು ರೋಗಾಣುಗಳು. ರಕ್ತವನ್ನು ಹೆಪ್ಪುಗಟ್ಟದಂತೆ ರಾಸಾಯನಿಕದಲ್ಲಿ ಬಹಳ ಹೊತ್ತು ಇಟ್ಟರೆ ಈ ಜೀವಿಗಳು ಕಣಗಳಿಂದ ಉದುರಿಹೋಗುವುದರಿಂದ ಹಸಿ ರಕ್ತದ ಪಟ್ಟಿಯೇ ಉತ್ತಮ.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಸರಿಯಾಗಿ ಸೋಸದ ಬಣ್ಣದ ಕಸವೂ, ಕಣಗಳೊಳಗೆ ಸಹಜವಾಗಿ ಉಳಿಯುವ ಕೆಲವು ತುಣುಕುಗಳೂ ರೋಗಾಣುವಿನಂತೆಯೇ ತೋರಿ ಮೋಸಗೊಳಿಸುವುವು. ಇನ್ನೊಂದು, ಈ ರೋಗಾಣುಗಳು ರಕ್ತದಲ್ಲಿ ಒಂದು ದಿನ ಹೇರಳವಾಗಿ ಕಂಡು ಮರುದಿನವೇ ಕಾಣದಂತಾಗಬಹುದು. ಒಂದು ಪಟ್ಟಿಯಲ್ಲಿ ಏನೂ ಕಾಣಲಿಲ್ಲವೆಂದು ರೋಗವೇ ಇಲ್ಲವೆನ್ನಲಾಗದು. ಸೂಕ್ಷ್ಮದರ್ಶಕದಿಂದ ಅರ್ಧಕ್ಕಿಂತ ಹೆಚ್ಚು ರೋಗಿಷ್ಠ ಬೆಕ್ಕುಗಳು ತಪ್ಪಿಹೋಗಬಹುದು. ಈ ಜೀವಿಯನ್ನು ಪ್ರಯೋಗಶಾಲೆಯ ಸಾಮಾನ್ಯ ಕೃಷಿಮಾಧ್ಯಮಗಳಲ್ಲಿ ಬೆಳೆಸುವುದಕ್ಕೂ ಬರುವುದಿಲ್ಲ. ನಿಶ್ಚಿತವಾದ ಪರೀಕ್ಷೆಯೆಂದರೆ ರಕ್ತದಲ್ಲಿ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪಿ.ಸಿ.ಆರ್. ಪರೀಕ್ಷೆ. ಇದು ದೊಡ್ಡ ಪ್ರಯೋಗಶಾಲೆಗಳಲ್ಲಿ ಮಾತ್ರ ನಡೆಯತಕ್ಕದ್ದು. ಇದಕ್ಕಾಗಿ ರಕ್ತವನ್ನು ಔಷಧ ಪ್ರಾರಂಭಿಸುವ ಮೊದಲೇ ತೆಗೆಯಬೇಕು; ಔಷಧ ಬಿದ್ದ ಬಳಿಕ ರೋಗಾಣುಗಳು ಕಡಮೆಯಾಗಿ ಪರೀಕ್ಷೆಯು ತಪ್ಪುವುದು.

ಇದರ ಜತೆಗೆ ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು ಅಳೆಯುವರು. ಆರೋಗ್ಯವಂತ ಬೆಕ್ಕಿನಲ್ಲಿ 100 ಪಾಲು ರಕ್ತಕ್ಕೆ ಸುಮಾರು 25ರಿಂದ 45 ಪಾಲು ಕೆಂಪು ಕಣಗಳಿರುತ್ತವೆ. 15ಕ್ಕಿಂತ ಕೆಳಗಿಳಿದರೆ ಅಪಾಯ ಸಮೀಪಿಸಿತೆಂದು ತಿಳಿಯಬೇಕು. ಹೊಸ ಎಳೆಯ ಕಣಗಳು ಹೇರಳವಾಗಿ ಕಂಡರೆ ಎಲುಬಿನ ಮಜ್ಜೆಯು ಇನ್ನೂ ಕೆಲಸಮಾಡುತ್ತಿದೆಯೆಂದು ಧೈರ್ಯ ತಾಳಬಹುದು.

6. ಚಿಕಿತ್ಸೆ

ಮೈಕೊಪ್ಲಾಸ್ಮಕ್ಕೆ ಬೇರೆ ಸೂಕ್ಷ್ಮಜೀವಿಗಳಿಗಿರುವಂತೆ ಹೊರಗೋಡೆಯಿಲ್ಲ. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಗಳು ಆ ಗೋಡೆಯನ್ನು ಕೆಡಿಸಿಯೇ ಕೆಲಸಮಾಡುವುದರಿಂದ, ಗೋಡೆಯಿಲ್ಲದ ಈ ಜೀವಿಗೆ ಅವು ನಾಟುವುದಿಲ್ಲ. ದನಗಳಿಗೆ ತಂದ ಪೆನಿಸಿಲಿನ್ ಉಳಿದಿದೆಯೆಂದು ಬೆಕ್ಕಿಗೆ ಚುಚ್ಚಿಸಿ ಎರಡು ಮೂರು ದಿನ ಕಾಯ್ದರೆ ಕಾಲವೂ ಪ್ರಾಣವೂ ವ್ಯರ್ಥವಾಗುವುವು.

ಇದಕ್ಕೆ ಉಪಯುಕ್ತವಾದ ಔಷಧವು ಡಾಕ್ಸಿಸೈಕ್ಲಿನ್. ಬೆಕ್ಕಿನ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 10 ಮಿಲಿಗ್ರಾಂನಂತೆ, ಒಂದೇ ಸಲಕ್ಕೋ ಎರಡು ಹೊತ್ತಿಗೆ ಹಂಚಿಯೋ, ಮೂರರಿಂದ ನಾಲ್ಕು ವಾರಗಳವರೆಗೆ ಕೊಡುವುದು ಕ್ರಮ. 4 ಕಿಲೋಗ್ರಾಂ ತೂಗುವ ಬೆಕ್ಕಿಗೆ ದಿನಕ್ಕೆ 40 ಮಿಲಿಗ್ರಾಂ ಸಾಕು. ಮನುಷ್ಯರ 100 ಮಿಲಿಗ್ರಾಂ ಮಾತ್ರೆಯನ್ನು ಅಂದಾಜಿನಿಂದ ಮುರಿದು ಕೊಡಕೂಡದು. ಪಶುವೈದ್ಯನಿಂದಲೇ ಅಳತೆ ಮಾಡಿಸಿಕೊಳ್ಳಬೇಕು. ಗಬ್ಬದ ಬೆಕ್ಕಾದರೂ ಎಳೆಯ ಮರಿಯಾದರೂ ಅದನ್ನು ಮೊದಲೇ ತಿಳಿಸಬೇಕು.

ಈ ಮಾತ್ರೆಯನ್ನು ಒಣದಾಗಿ ನುಂಗಿಸಿದರೆ ಅದು ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಟ್ಟಂತೆ ಹುಣ್ಣುಮಾಡಿ, ಮುಂದೆ ನಾಳವೇ ಕಿರಿದಾಗಿ ಬೆಕ್ಕು ಏನನ್ನೂ ನುಂಗಲಾರದೆ ಹೋಗುವುದು. ರೋಗದಿಂದ ಉಳಿದ ಬೆಕ್ಕು ಔಷಧದಿಂದ ಸಾಯುವಂತಾಗಬಾರದು. ಆದ್ದರಿಂದ ಸಾಧ್ಯವಾದಮಟ್ಟಿಗೆ ದ್ರವರೂಪದ ಔಷಧವನ್ನೇ ಕೇಳಿ ಪಡೆಯಬೇಕು. ಮಾತ್ರೆಯನ್ನೇ ಕೊಡಬೇಕಾದರೆ ಅದರ ಹಿಂದೆಯೇ ಸೂಜಿಯಿಲ್ಲದ ಪಿಚಕಾರಿಯಿಂದ ಒಂದು ಚಮಚೆಯಷ್ಟು ನೀರನ್ನು ಬಾಯಿಯ ಪಕ್ಕದಿಂದ ಮೆಲ್ಲಮೆಲ್ಲನೆ ಕುಡಿಸಬೇಕು. ಬಳಿಕ ತುಸು ಆಹಾರವನ್ನು ಕೊಡಬೇಕು. ತಲೆಯನ್ನು ಬಹಳ ಮೇಲಕ್ಕೆತ್ತಿ ರಭಸದಿಂದ ಹಾಕಿದರೆ ನೀರು ಶ್ವಾಸನಾಳಕ್ಕೆ ಹೋಗುವುದು.

ಡಾಕ್ಸಿಸೈಕ್ಲಿನ್ ಒಗ್ಗದ ಬೆಕ್ಕುಗಳಿಗೆ ವೈದ್ಯರು ಮಾರ್ಬೊಫ್ಲಾಕ್ಸಸಿನ್ ಮೊದಲಾದ ಔಷಧಗಳನ್ನು ಕೊಡುವರು. ದನಗಳಿಗೆ ಬಳಸುವ ಎನ್ರೊಫ್ಲಾಕ್ಸಸಿನ್ ಹೆಚ್ಚು ಪ್ರಮಾಣದಲ್ಲಿ ಬಿದ್ದರೆ ಬೆಕ್ಕಿಗೆ ಕಣ್ಣೇ ಹೋಗುವುದುಂಟು. ಅದನ್ನು ಮನೆಯಲ್ಲಿ ಎಂದಿಗೂ ಪ್ರಯೋಗಿಸಕೂಡದು.

ಔಷಧವು ತಕ್ಕದ್ದಾಗಿದ್ದರೆ ಕೆಲವು ದಿನಗಳೊಳಗೆ ಬೆಕ್ಕು ತಲೆಯೆತ್ತಿ ಹಾಲಿಗೆ ಬರುವುದು. ಆಗಲೇ ಔಷಧವನ್ನು ನಿಲ್ಲಿಸುವುದು ಅನೇಕರು ಮಾಡುವ ತಪ್ಪು. ಬೆಕ್ಕು ಚುರುಕಾಗಿ ಓಡಾಡಿದರೂ ಹೇಳಿದಷ್ಟು ದಿನಗಳನ್ನು ಪೂರೈಸತಕ್ಕದ್ದು.

ಶರೀರವು ತನ್ನ ಕಣಗಳನ್ನು ತಾನೇ ನಾಶಮಾಡುವುದು ನಿಲ್ಲದಿದ್ದರೆ ವೈದ್ಯನು ಪ್ರೆಡ್ನಿಸೊಲೋನ್ ಔಷಧವನ್ನು ಜತೆಗೂಡಿಸಬಹುದು. ರಕ್ತವು ತೀರ ಕಡಮೆಯಾದ ಬೆಕ್ಕಿಗೆ ಇನ್ನೊಂದು ಬೆಕ್ಕಿನ ರಕ್ತವನ್ನು ಕೊಡುವ ಏರ್ಪಾಡು ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಉಂಟು. ಬೆಕ್ಕುಗಳಲ್ಲಿ ಮುಖ್ಯವಾಗಿ ಎ ಮತ್ತು ಬಿ ಎಂಬ ರಕ್ತದ ಗುಂಪುಗಳಿವೆ. ಬಿ ಗುಂಪಿನ ಬೆಕ್ಕಿಗೆ ಎ ಗುಂಪಿನ ರಕ್ತ ಬಿದ್ದರೆ ಮೊದಲನೆಯ ಸಲವೇ ಪ್ರಾಣಾಂತಿಕವಾಗಬಹುದು. ಗುಂಪನ್ನು ನೋಡದೆ ರಕ್ತ ಕೊಡತಕ್ಕದ್ದಲ್ಲ.

ಕಚ್ಚಿದ ಗಾಯದ ನಂಜಿಗೆ ಚಿಕಿತ್ಸೆಯು ಬೇರೆ. ಕುರುವನ್ನು ವೈದ್ಯನು ಬಿಡಿಸಿ, ಕೀವು ತೆಗೆದು, ತೊಳೆಯಬೇಕು. ಒಳಗೆ ಕೀವು ನಿಂತಿರುವಾಗ ಬರಿಯ ಔಷಧದಿಂದ ಫಲವಿಲ್ಲ. ಇದಕ್ಕೆ ಪೆನಿಸಿಲಿನ್ ಬಳಗದ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲದ ಮಿಶ್ರಣವು ಸಾಮಾನ್ಯವಾಗಿ ಗುಣಕಾರಿ. ಒಂದು ರೋಗಕ್ಕೆ ನಾಟದ ಔಷಧವೇ ಇನ್ನೊಂದಕ್ಕೆ ಮೇಲಾಗುವುದರಿಂದ, ರೋಗನಿರ್ಣಯವಾಗದೆ ಔಷಧ ಕೊಡುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ.

7. ಒಂದು ದೃಷ್ಟಾಂತ

ನೇಸರಗಿಯಂತಹ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಸುಗ್ಗಿ ಮುಗಿದು ಜೋಳವು ಮನೆ ಸೇರಿದೆ. ಮೂರು ವರ್ಷದ ಗಂಡುಬೆಕ್ಕು ನಾಲ್ಕು ದಿನಗಳಿಂದ ಒಲೆಯ ಮಗ್ಗುಲನ್ನು ಬಿಟ್ಟಿಲ್ಲ. ಮನೆಯ ಹಿರಿಯಳು ದೃಷ್ಟಿ ತಾಗಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುವಳು. ಮಗನು ಮೈ ಬಿಸಿಯಿದೆಯೆಂದು ಜ್ವರದ ಮಾತ್ರೆಯ ತುಂಡನ್ನು ಹಾಲಿನಲ್ಲಿ ಕಲಸಲು ಹೊರಡುವನು. ಆ ತುಂಡು ಪ್ಯಾರಾಸಿಟಮಾಲ್ ಆಗಿದ್ದರೆ ರಕ್ತ ಮೊದಲೇ ಕಡಮೆಯಾದ ಆ ಬೆಕ್ಕು ಸಂಜೆಯೊಳಗೆ ಸಾಯಬಹುದು. ಶಾಲೆಗೆ ಹೋಗುವ ಹುಡುಗಿಯು ತುಟಿಯನ್ನೆತ್ತಿ ನೋಡಿ ವಸಡು ಬಿಳಿಯಾಗಿದೆಯೆಂದು ಹೇಳಿ, ಬೆಕ್ಕನ್ನು ಬುಟ್ಟಿಯಲ್ಲಿಟ್ಟು ದವಾಖಾನೆಗೆ ಒಯ್ಯುವಂತೆ ಮಾಡಿದರೆ, ಒಂದು ಹನಿ ರಕ್ತ ಮತ್ತು ನಾಲ್ಕು ವಾರಗಳ ಔಷಧದಿಂದ ಅದೇ ಬೆಕ್ಕು ಮರಳಿ ಅಟ್ಟವನ್ನೇರಬಹುದು. ಎರಡು ದಾರಿಗಳಿಗೂ ನಡುವೆ ಇರುವ ಅಂತರವು ಒಂದು ಗಳಿಗೆಯ ಪರೀಕ್ಷೆ ಮಾತ್ರ.

8. ಮನೆಯಲ್ಲಿ ಮಾಡತಕ್ಕ ಶುಶ್ರೂಷೆ

ರಕ್ತವು ಕಡಮೆಯಾದ ಬೆಕ್ಕನ್ನು ಹೆಚ್ಚಾಗಿ ಎತ್ತಾಡಿಸಬಾರದು. ಗಾಬರಿಗೊಂಡರೆ ಉಸಿರು ಸಾಲದೆ ಸಾಯಬಹುದು. ಗಾಳಿ ಹೊಡೆಯದ ಬೆಚ್ಚನೆಯ ಮೂಲೆಯಲ್ಲಿ ಹಳೆಯ ಕೌದಿಯನ್ನು ಹಾಸಿ ಮಲಗಿಸಬೇಕು. ಶುದ್ಧವಾದ ನೀರು ಹತ್ತಿರದಲ್ಲಿಯೇ ಇರಬೇಕು.

ಆಹಾರದ ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಈ ಭಾಗದ ಅನೇಕ ಮನೆಗಳಲ್ಲಿ ಮಾಂಸದ ಅಡಿಗೆಯಿಲ್ಲ. ಬೆಕ್ಕಿಗೆ ಹಾಲು ರೊಟ್ಟಿಗಳನ್ನು ಮಾತ್ರ ಹಾಕುವರು. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದಕ್ಕೆ ಬೇಕಾದ ಕೆಲವು ಸತ್ವಗಳು ಹಾಲಿನಿಂದಲೂ ಜೋಳದ ರೊಟ್ಟಿಯಿಂದಲೂ ಸಾಕಷ್ಟು ದೊರೆಯುವುದಿಲ್ಲ. ಆ ಕೊರತೆಯನ್ನು ಅದು ತಾನು ಹಿಡಿದ ಇಲಿಗಳಿಂದ ತುಂಬಿಕೊಳ್ಳುತ್ತದೆ. ಬೇಟೆಯಾಡಲಾರದೆ ಮಲಗಿದ ಬೆಕ್ಕಿಗೆ ಆ ಆಹಾರವೇ ನಿಂತುಹೋಗುವುದು. ಆದುದರಿಂದ ಬೇನೆಯ ದಿನಗಳಲ್ಲಿ ಬೇಯಿಸಿದ ಮೊಟ್ಟೆ, ಮೀನು ಅಥವಾ ಮಾಂಸ, ಇವು ಮನೆಗೆ ಒಗ್ಗದಿದ್ದರೆ ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಸಿದ್ಧ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಇನ್ನೊಂದು ರೋಗವು ಹುಟ್ಟುವುದುಂಟು.

9. ನಿವಾರಣೋಪಾಯಗಳು

(1) ಚಿಗಟಗಳ ನಾಶ. ಬೆಕ್ಕಿನ ಮೈಯನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಹಾಕಬೇಕು. ಪುಡಿಯ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಮಲ, ಎಂದರೆ ಹೀರಿದ ರಕ್ತ. ಬಾಚಣಿಗೆಗೆ ಸಿಕ್ಕ ಚಿಗಟಗಳನ್ನು ಸಾಬೂನಿನ ನೀರಿನಲ್ಲಿ ಮುಳುಗಿಸಬೇಕು. ಹಾಸುವ ಕೌದಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಬೆಕ್ಕಿಗೆಂದೇ ತಯಾರಾದ ಔಷಧವನ್ನು ತೂಕಕ್ಕೆ ತಕ್ಕಂತೆ ಹಚ್ಚಬೇಕು.

(2) ದನಗಳ ಉಣ್ಣೆಗೆ ತಂದ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಔಷಧಗಳನ್ನೂ ನಾಯಿಗೆ ತಂದ ಪರ್ಮೆಥ್ರಿನ್ ಔಷಧವನ್ನೂ ಬೆಕ್ಕಿಗೆ ಹಚ್ಚಕೂಡದು. ಬೆಕ್ಕು ಅವನ್ನು ನೆಕ್ಕಿಕೊಂಡು ನಡುಗಿ ಸೆಟೆದು ಸಾಯುವುದು. ಕೊಟ್ಟಿಗೆಯಲ್ಲಿ ದನಗಳಿಗೆ ಹಚ್ಚಿದ ದಿನ ಬೆಕ್ಕನ್ನು ಅಲ್ಲಿಗೆ ಬಿಡಬಾರದು.

(3) ಮನೆಯ ಗಂಡುಬೆಕ್ಕಿನ ಬೀಜವನ್ನು ವೈದ್ಯನಿಂದ ತೆಗೆಸಿದರೆ ಅಲೆದಾಟವೂ ಕಾದಾಟವೂ ಬಹುಮಟ್ಟಿಗೆ ಕಡಮೆಯಾಗುವುವು. ಇದರಿಂದ ಬೇಟೆಯಾಡುವ ಗುಣವು ಹೋಗುವುದಿಲ್ಲ.

(4) ಬೆಕ್ಕಿರುವ ಮನೆಯಲ್ಲಿ ಇಲಿಪಾಷಾಣವನ್ನು ಬಳಸುವುದಕ್ಕಿಂತ ಬೋನುಗಳನ್ನು ಇಡುವುದು ಲೇಸು.

(5) ನೆರಡಿ ರೋಗದಿಂದ ಸತ್ತಿರಬಹುದಾದ ದನದ ಅಥವಾ ಕುರಿಯ ಹೆಣವನ್ನು ಕೊಯ್ಯದೆ ಆಳವಾಗಿ ಹೂಳಬೇಕು. ಬೆಕ್ಕು ನಾಯಿಗಳು ಅದನ್ನು ಮುಟ್ಟದಂತೆ ನೋಡಿಕೊಳ್ಳಬೇಕು.

10. ಮನುಷ್ಯರಿಗೆ ಎಚ್ಚರಿಕೆ

ಬಾರ್ಟೊನೆಲ್ಲ ಇರುವ ಬೆಕ್ಕು, ವಿಶೇಷವಾಗಿ ಚಿಗಟಗಳಿರುವ ಎಳೆಯ ಬೆಕ್ಕು ಪರಚಿದಾಗ ಗಾಯದ ಬಳಿ ಗುಳ್ಳೆಯೆದ್ದು, ಒಂದರಿಂದ ಮೂರು ವಾರಗಳಲ್ಲಿ ಕಂಕುಳಲ್ಲಿಯೋ ಕುತ್ತಿಗೆಯಲ್ಲಿಯೋ ಗಡ್ಡೆ ಊದಿ ಜ್ವರ ಬರಬಹುದು. ಇದು ಸಾಮಾನ್ಯವಾಗಿ ತಾನಾಗಿಯೇ ಶಮನವಾಗುವುದು. ದೇಹಬಲ ಕುಗ್ಗಿದವರಲ್ಲಿ ಮಾತ್ರ ಉಗ್ರವಾಗಬಹುದು. ವೈದ್ಯನಿಗೆ ತೋರಿಸುವಾಗ ಬೆಕ್ಕು ಪರಚಿದ ಸಂಗತಿಯನ್ನು ಹೇಳಬೇಕು.

ಬೆಕ್ಕು ಕಚ್ಚಿದರೂ ಪರಚಿದರೂ ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ ಕಾಲುಗಂಟೆ ತೊಳೆದು ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿಯ ರೋಗವು ಬೆಕ್ಕಿನಿಂದಲೂ ಬರಬಹುದಾದ್ದರಿಂದ ಅರಿಸಿನ ಸುಣ್ಣಗಳನ್ನು ಹಚ್ಚಿ ಸುಮ್ಮನಿರಬಾರದು. ಊರಿನಲ್ಲಿ ಇಲಿಗಳು ಕಾರಣವಿಲ್ಲದೆ ಸಾಲಾಗಿ ಸಾಯುತ್ತಿದ್ದು, ಬೆಕ್ಕಿಗೂ ಜ್ವರ ಬಂದು ಗಂಟಲ ಕೆಳಗೆ ಗಡ್ಡೆ ಕಂಡರೆ, ಅದನ್ನು ಮುಟ್ಟದೆ ಸರಕಾರದ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕು. ಪ್ಲೇಗು 1994ರಲ್ಲಿ ಸೂರತ್ತಿನಲ್ಲಿಯೂ 2004ರಲ್ಲಿ ಉತ್ತರಕಾಶಿಯಲ್ಲಿಯೂ ಮತ್ತೆ ಕಾಣಿಸಿಕೊಂಡ ಸಂಗತಿಯನ್ನು ಮರೆಯಬಾರದು.

ಸಾರಾಂಶ

ಬೆಕ್ಕು ಬೇಟೆಯನ್ನು ಬಿಟ್ಟು ಮೂಲೆ ಹಿಡಿದರೆ ಮೊದಲು ವಸಡನ್ನು ನೋಡಬೇಕು. ಬಿಳಿಚಿದ್ದರೆ ಯಾವ ಮನೆಮದ್ದನ್ನೂ ಮಾತ್ರೆಯನ್ನೂ ಕೊಡದೆ ಅದೇ ದಿನ ದವಾಖಾನೆಗೆ ಒಯ್ಯಬೇಕು. ಔಷಧಕ್ಕೆ ಮೊದಲು ರಕ್ತಪರೀಕ್ಷೆಯಾಗಬೇಕು. ಔಷಧವನ್ನು ನೀರಿನೊಂದಿಗೆ, ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಕೊಡಬೇಕು. ಚಿಗಟಗಳನ್ನು ನಿರ್ಮೂಲ ಮಾಡಬೇಕು. ಇಷ್ಟನ್ನು ನಡೆಸಿದರೆ ವರ್ಷವೆಲ್ಲ ದುಡಿದು ತುಂಬಿದ ಕಣಜವನ್ನು ಕೂಲಿಯಿಲ್ಲದೆ ಕಾಯುವ ಪ್ರಾಣಿಯನ್ನು ಒಕ್ಕಲಿಗರು ಉಳಿಸಿಕೊಳ್ಳಬಹುದು.